ಎರಡು ಫೈಲು, ಒಬ್ಬನೇ ಮನುಷ್ಯ: ಕುಡಿತವೂ ಮನಸ್ಸಿನ ಕಾಯಿಲೆಯೂ ಒಟ್ಟಿಗೆ ಇರುವ ಮನೆಗಳಿಗೆ

ನನ್ನ ತಮ್ಮನಿಗೆ ಎರಡು ಫೈಲ್ ಇದ್ದವು. ಒಂದು ಮನೋವೈದ್ಯರದು, ಇನ್ನೊಂದು ಕುಡಿತ ಬಿಡಿಸುವ ಕೇಂದ್ರದ್ದು. ಮನೋವೈದ್ಯರ ಫೈಲಿನಲ್ಲಿ ಕುಡಿತದ ಎದುರು ‘ಯಾವಾಗಲಾದರೊಮ್ಮೆ’ ಎಂದು ಬರೆದಿತ್ತು. ಹಾಗೆ ಹೇಳಿದ್ದು ನಾನೇ, ಡಾಕ್ಟರ್ ಎದುರು ಮನೆಯ ಮರ್ಯಾದೆ ಹೋಗುತ್ತದೆಂದು. ಅವನಿಗಿದ್ದದ್ದು ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ವಿಪರೀತ ಏರಿ ಇನ್ನೊಮ್ಮೆ ಪೂರ್ತಿ ಕುಸಿಯುವ ಕಾಯಿಲೆ; ಕೇಂದ್ರದ ಫೈಲಿನಲ್ಲಿ ಆ ಪದವೇ ಇರಲಿಲ್ಲ. ಹೇಳಿದರೆ ಸೇರಿಸಿಕೊಳ್ಳುವುದಿಲ್ಲವೇನೋ ಎಂದು ಅಮ್ಮ ನನ್ನನ್ನು ಸುಮ್ಮನಾಗಿಸಿದ್ದಳು. ಸೇರಿಸಿದ ದಿನವೇ ಅವರು ‘ಇಲ್ಲಿ ಯಾವ ಮಾತ್ರೆಯೂ ನಡೆಯಲ್ಲ’ ಎಂದು ಅವನ ಜೇಬಿನಲ್ಲಿದ್ದ, ಬೈಪೋಲಾರ್‌ಗೆ ಕೊಟ್ಟಿದ್ದ ಲಿಥಿಯಂ ಮಾತ್ರೆಯ ಸ್ಟ್ರಿಪ್ ತೆಗೆದಿಟ್ಟುಕೊಂಡರು. ಎರಡನೇ ವಾರಕ್ಕೆ ಅವನ ನಿದ್ದೆ ಪೂರ್ತಿ ಹೋಯಿತು, ಮಾತು ನಿಲ್ಲಲಿಲ್ಲ. ಮೂರನೇ ವಾರ ಫೋನ್ ಬಂತು: ‘ನಿಮ್ಮ ಹುಡುಗನನ್ನ ನಮ್ಮ ಕೈಲಿ ನೋಡ್ಕೊಳ್ಳಕ್ಕಾಗಲ್ಲ, ಕರ್ಕೊಂಡು ಹೋಗಿ.’

ಆಗ ಯಾರಾದರೂ ಒಂದೇ ಒಂದು ಮಾತು ಹೇಳಿದ್ದರೆ ನಮಗೆ ನಾಲ್ಕು ವರ್ಷ ಉಳಿಯುತ್ತಿತ್ತು. ಎರಡು ಕಾಯಿಲೆಗೂ ಚಿಕಿತ್ಸೆ ಒಟ್ಟಿಗೇ ಆಗಬೇಕು, ಆದಷ್ಟೂ ಒಂದೇ ಕಡೆ, ಒಬ್ಬರೇ ಡಾಕ್ಟರ ಕೈಯಲ್ಲಿ. ‘ಮೊದಲು ಕುಡಿತ ಬಿಡಲಿ, ಆಮೇಲೆ ತಲೆ ನೋಡೋಣ’ ಅನ್ನುವುದೂ ತಪ್ಪು, ‘ಮನಸ್ಸು ಸರಿಯಾದರೆ ಕುಡಿತ ತಾನಾಗಿ ಬಿಡುತ್ತೆ’ ಅನ್ನುವುದೂ ತಪ್ಪು. ನಾನು ಡಾಕ್ಟರಲ್ಲ. ಹನ್ನೊಂದು ವರ್ಷ ಒಪಿಡಿ ಬೆಂಚಿನ ಮೇಲೆ ಟೋಕನ್ ಹಿಡಿದು ಕೂತವಳು. ನಮ್ಮ ತಪ್ಪುಗಳನ್ನು ನೀವು ಮತ್ತೆ ಮಾಡದಿರಲಿ ಎಂದು ಬರೆಯುತ್ತಿದ್ದೇನೆ.

ಯಾವುದು ಮೊದಲು ಬಂತು ಎಂಬ ಜಗಳ ಬಿಡಿ

ನಮ್ಮ ಮನೆಯಲ್ಲಿ ಅಪ್ಪನ ಲೆಕ್ಕದಲ್ಲಿ ಸ್ನೇಹಿತರು ಕೆಡಿಸಿದ್ದು, ಅಮ್ಮನ ಲೆಕ್ಕದಲ್ಲಿ ಯಾರೋ ಮಾಟ ಮಾಡಿಸಿದ್ದು, ದೊಡ್ಡಪ್ಪನ ಲೆಕ್ಕದಲ್ಲಿ ಮದುವೆ ಮಾಡಿದರೆ ಸರಿಹೋಗುವಂಥದ್ದು. ಈ ಮೂರರ ಮೇಲೆ ಎರಡು ವರ್ಷ ಕಳೆಯಿತು. (ಮದುವೆಯ ಮಾತು ನಿಮ್ಮ ಮನೆಯಲ್ಲೂ ಎದ್ದರೆ ದಯವಿಟ್ಟು ಅಡ್ಡ ನಿಲ್ಲಿ. ಮದುವೆ ಔಷಧಿಯಲ್ಲ, ಇನ್ನೊಂದು ಮನೆಯ ಹುಡುಗಿಯ ಜೀವ ಅದು.)

ನಡೆಯುತ್ತಿದ್ದದ್ದು ಹೀಗೆ. ಮೇನಿಯಾ, ಅಂದರೆ ಮನಸ್ಸಿನ ಆ ವಿಪರೀತ ಏರು, ಬಂದ ದಿನಗಳಲ್ಲಿ ಅವನಿಗೆ ನಿದ್ದೆಯೂ ಬೇಡ, ಕೈಯಲ್ಲಿ ದುಡ್ಡೂ ನಿಲ್ಲದು, ಊರವರಿಗೆಲ್ಲ ಪಾರ್ಟಿ. ಅದು ಇಳಿದ ಮೇಲೆ ಸಾಲ, ನಾಚಿಕೆ, ಮುಚ್ಚಿದ ಕೋಣೆ. ಆಗ ನಿದ್ದೆ ಬರಲೆಂದು ಒಬ್ಬನೇ ಕುಡಿತ. ಕುಡಿದರೆ ಕಣ್ಣು ಬೇಗ ಮುಚ್ಚುವುದು ನಿಜ, ಆದರೆ ಅಮಲು ಇಳಿಯುತ್ತಿದ್ದಂತೆ ನಡುರಾತ್ರಿಯಲ್ಲೇ ಎಚ್ಚರ. ಬೈಪೋಲಾರ್ ಇರುವವರಿಗೆ ನಿದ್ದೆ ಕೆಟ್ಟರೆ ಮುಂದಿನ ಏರಿಳಿತಕ್ಕೆ ಬಾಗಿಲು ತೆರೆದಂತೆ. ಖಿನ್ನತೆ, ಆತಂಕ, ಸಂಶಯದ ಕಾಯಿಲೆ ಇರುವವರಲ್ಲೂ ಹೀಗೆಯೇ ಒಂದು ಇನ್ನೊಂದಕ್ಕೆ ನೀರೆರೆಯುತ್ತಿರುತ್ತದೆ.

ಕುಡಿತದಿಂದಲೇ ಬಂದ ಖಿನ್ನತೆ ಯಾವುದು, ಬೇರೆಯಾಗಿ ಇರುವುದು ಯಾವುದು ಎಂದು ಗುರುತಿಸುವುದು ಡಾಕ್ಟರ ಕೆಲಸ. ಕುಡಿತ ನಿಂತ ಮೇಲೂ ಸುಮಾರು ನಾಲ್ಕು ವಾರ ಅವರು ಗಮನಿಸುವುದುಂಟು, ಏಕೆಂದರೆ ಅಷ್ಟರಲ್ಲಿ ಹಲವರ ಮಂಕು ತಾನೇ ತಿಳಿಯಾಗುತ್ತದೆ. ಆ ನಾಲ್ಕು ವಾರ ಚಿಕಿತ್ಸೆ ಇಲ್ಲದೆ ಕೂರಬೇಕು ಎಂದಲ್ಲ. ಮೊದಲೇ ಕಾಯಿಲೆ ಗೊತ್ತಿರುವವರು ಡಾಕ್ಟರನ್ನು ಕೇಳದೆ ಒಂದು ದಿನವೂ ಮಾತ್ರೆ ತಪ್ಪಿಸಬಾರದು.

ರಾತ್ರೋರಾತ್ರಿ ಬಿಡಿಸಲು ಹೋಗಬೇಡಿ

ಎಲ್ಲಕ್ಕಿಂತ ಅಪಾಯದ ತಪ್ಪು ನಾವು ಇಲ್ಲೇ ಮಾಡಿದ್ದು. ಒಂದು ಯುಗಾದಿಯ ಸಂಜೆ ದೇವರ ಮುಂದೆ ಆಣೆ ಹಾಕಿಸಿ, ಹೊರಬಾಗಿಲಿಗೆ ಬೀಗ ಹಾಕಿ, ಇನ್ನು ಕುಡಿಯಲ್ಲ ಅನ್ನಿಸಿದೆವು. ಮರುದಿನ ಬೆಳಿಗ್ಗೆ ಕಾಫಿ ಕೊಟ್ಟಾಗ ಅವನು ಸ್ಟೀಲ್ ಲೋಟವನ್ನು ಎರಡು ಕೈಯಲ್ಲಿ ಹಿಡಿದ. ಲೋಟದ ಅಂಚು ಹಲ್ಲಿಗೆ ಬಡಿದು ಟಕಟಕ ಸದ್ದು. ಅರ್ಧ ಕಾಫಿ ಅಂಗಿಯ ಮೇಲೆ. ಮೂರನೇ ರಾತ್ರಿ ಗೋಡೆಗೆ ಮುಖ ಮಾಡಿ ಕೂತು ಇರುವೆ ಒರೆಸುತ್ತಿದ್ದ. ಗೋಡೆಯ ಮೇಲೆ ಒಂದೂ ಇರುವೆ ಇರಲಿಲ್ಲ. ಅಮ್ಮ ದೃಷ್ಟಿ ತೆಗೆದಳು. ಅದು ದೃಷ್ಟಿಯಲ್ಲ, ಗಾಳಿಯಲ್ಲ, ಹಿಂದೆ ಇದ್ದ ಮನಸ್ಸಿನ ಕಾಯಿಲೆಯೂ ಅಲ್ಲ. ಮದ್ಯ ಏಕಾಏಕಿ ನಿಂತಾಗ ಹಿಡಿಯುವ ಸನ್ನಿ. ಜೀವ ಹೋಗಬಹುದಾದ ಸ್ಥಿತಿ.

ಗಡಿಯಾರ ಗೊತ್ತಿರಲಿ. ಕೊನೆಯ ಸಲ ಕುಡಿದ 6 ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಂತಿ, ಚಡಪಡಿಕೆ ಶುರುವಾಗುತ್ತದೆ. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ 48 ಗಂಟೆಯಲ್ಲಿ. ಸನ್ನಿ ಹಿಡಿಯುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನದ ನಡುವೆ. ದಿನವೂ ಕುಡಿಯುವವರು, ಬೆಳಿಗ್ಗೆ ಎದ್ದ ಕೂಡಲೇ ಕೈನಡುಕ ನಿಲ್ಲಿಸಲು ಕುಡಿಯಬೇಕಾದವರು, ಹಿಂದೆ ಫಿಟ್ಸ್ ಬಂದವರು ಡಾಕ್ಟರ ಕಣ್ಗಾವಲಿನಲ್ಲೇ ಬಿಡಬೇಕು. ಅಲ್ಲಿ ಕೆಲವು ದಿನ ನಡುಕ ಮತ್ತು ಫಿಟ್ಸ್ ತಡೆಯುವ ಔಷಧಿ ಕೊಟ್ಟು ನಿಧಾನವಾಗಿ ಇಳಿಸುತ್ತಾರೆ, ಜೊತೆಗೆ ಬಿ1 ವಿಟಮಿನ್, ಅಂದರೆ ಥಯಾಮಿನ್. ಫಿಟ್ಸ್ ಬಂದರೆ, ಜ್ಞಾನ ತಪ್ಪಿದರೆ, ಇಲ್ಲದ್ದು ಕಂಡರೆ, ಎಲ್ಲಿದ್ದೇನೆಂದು ತಿಳಿಯದಿದ್ದರೆ 108ಕ್ಕೆ ಫೋನ್ ಮಾಡಿ, ಬೆಳಗಾಗಲಿ ಎಂದು ಕಾಯಬೇಡಿ.

ಇನ್ನೊಂದು ಮಾತು. ನಮ್ಮ ಕಡೆ ಸುಸ್ತಾದ ಕೂಡಲೇ ಹತ್ತಿರದ ಕ್ಲಿನಿಕ್ಕಿಗೆ ಓಡಿ ಗ್ಲೂಕೋಸ್ ಹಾಕಿಸುತ್ತೇವೆ. ಹಾಕಿಸುವ ಮೊದಲು ‘ಇವರಿಗೆ ದಿನಾ ಕುಡಿಯುವ ಅಭ್ಯಾಸ ಇದೆ’ ಎಂದು ನರ್ಸ್‌ಗೆ ಗಟ್ಟಿಯಾಗಿ ಹೇಳಿ. ಕುಡಿಯುವವರ ಮೈಯಲ್ಲಿ ಬಿ1 ಬತ್ತಿರುತ್ತದೆ; ಅದನ್ನು ಕೊಡದೆ ಬರೀ ಗ್ಲೂಕೋಸ್ ಹೋದರೆ ಮೆದುಳಿಗೆ ಪೆಟ್ಟಾಗಬಹುದು.

ಎಲ್ಲಿಗೆ ಹೋಗುವುದು

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ಕೇಂದ್ರವಿದೆ, ಮನೋವೈದ್ಯರೂ ಅಲ್ಲೇ ಇರುತ್ತಾರೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಆದರೆ ಅಷ್ಟು ದೂರದಿಂದಲೇ ಶುರು ಮಾಡಬೇಕಾಗಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ, ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಮನೋವೈದ್ಯ ವಿಭಾಗ ಇರುತ್ತದೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡೂ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ಕೇಳಿಟ್ಟುಕೊಳ್ಳಿ. ಮನೆಯಿಂದಲೇ ಕೇಳಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಹಗಲೂ ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. ನಾನು ಮೊದಲ ಸಲ ಫೋನ್ ಮಾಡಿದಾಗ ಏನು ಹೇಳಬೇಕೆಂದು ತಿಳಿಯದೆ ಅತ್ತುಬಿಟ್ಟೆ. ಅವರು ಕಾದರು.

ಖಾಸಗಿ ಕೇಂದ್ರಕ್ಕೆ ಸೇರಿಸುವುದಾದರೆ ಮೊದಲು ಒಬ್ಬರೇ ಹೋಗಿ ನೋಡಿ. ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, 2017ರ ಪ್ರಕಾರ ಮದ್ಯ ಮತ್ತು ಮಾದಕವಸ್ತುವಿನಿಂದ ಆಗುವ ಮಾನಸಿಕ ತೊಂದರೆಗಳೂ ಮಾನಸಿಕ ಕಾಯಿಲೆಯೇ. ಆದ್ದರಿಂದ ಇಂಥವರನ್ನು ಸೇರಿಸಿಕೊಂಡು ಚಿಕಿತ್ಸೆ ಕೊಡುವ ಜಾಗಕ್ಕೆ ನೋಂದಣಿ ಬೇಕು; ಸರ್ಟಿಫಿಕೇಟ್ ತೋರಿಸಿ ಅನ್ನಿ. ಮನೋವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ ಮುಂದುವರಿಸುತ್ತೀರಾ, ರಾತ್ರಿ ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಒಯ್ಯುತ್ತೀರಿ, ನಾವು ಫೋನಿನಲ್ಲಿ ಅವನ ಜೊತೆ ಮಾತಾಡಬಹುದಾ ಎಂದು ಕೇಳಿ. ಸರಪಳಿ ಹಾಕುವುದನ್ನು ಈ ಕಾಯ್ದೆ ಪೂರಾ ನಿಷೇಧಿಸಿದೆ. ‘ರಾತ್ರಿ ಗಾಡಿ ಕಳಿಸಿ ನಾವೇ ಎತ್ಕೊಂಡು ಬರ್ತೀವಿ, ಆರು ತಿಂಗಳ ಪ್ಯಾಕೇಜ್, ಅಲ್ಲಿವರೆಗೆ ನೀವು ನೋಡೋ ಹಾಗಿಲ್ಲ’ ಅನ್ನುವವರ ಕೈಗೆ ನಿಮ್ಮವರನ್ನು ಕೊಡಬೇಡಿ.

ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳನ್ನೂ ಹಲವರು ಕೇಳುತ್ತಾರೆ. ಎಂಟು ದಿನದ ಶಿಬಿರ, ಆಮೇಲೆ ಶಿಬಿರ ಮುಗಿಸಿದವರ ಗುಂಪಾದ ನವಜೀವನ ಸಮಿತಿಯ ಜೊತೆ. ಊರವರೆಲ್ಲ ಸೇರಿ ನಡೆಸುವುದರಲ್ಲಿ ಒಂದು ಬಲವಿದೆ, ನಮ್ಮ ಪಕ್ಕದ ಬೀದಿಯ ಮನೆಯೊಂದು ಅದರಿಂದಲೇ ಉಳಿಯಿತು. ಆದರೆ ಮನಸ್ಸಿನ ಕಾಯಿಲೆಗೆ ಮಾತ್ರೆ ನಡೆಯುತ್ತಿದ್ದರೆ ಮೊದಲು ನಿಮ್ಮ ಡಾಕ್ಟರನ್ನು ಕೇಳಿ, ಶಿಬಿರದವರಿಗೂ ತಿಳಿಸಿ, ಮಾತ್ರೆ ಚೀಟಿ ಸಮೇತ ಕಳಿಸಿ.

ಡಾಕ್ಟರಿಗೆ ಕೊಡುವ ಒಂದು ಹಾಳೆ

ಒಪಿಡಿಯಲ್ಲಿ ಸಿಗುವ ಸಮಯ ಕಡಿಮೆ. ಹಿಂದಿನ ರಾತ್ರಿಯೇ ಒಂದು ಹಾಳೆಯಲ್ಲಿ ಬರೆದಿಡಿ. ಕುಡಿತವನ್ನು ‘ಸ್ವಲ್ಪ’ ಎಂದು ಬರೆಯಬೇಡಿ, ಅಂಗಡಿಯ ಲೆಕ್ಕದಲ್ಲೇ ಬರೆಯಿರಿ: ದಿನಕ್ಕೆ ಎಷ್ಟು ನೈಂಟಿ, ಎಷ್ಟು ಕ್ವಾರ್ಟರ್, ಕೊನೆಯ ಸಲ ಯಾವಾಗ. ಕ್ವಾರ್ಟರ್ ಅಂದರೆ 180 ಎಂ.ಎಲ್. ಎಂದು ಡಾಕ್ಟರಿಗೆ ಗೊತ್ತು. ಬೀಡಿ, ಸಿಗರೇಟು, ಗುಟ್ಕಾ, ಗಾಂಜಾ, ಅಂಗಡಿಯಿಂದ ತಂದ ಕೆಮ್ಮಿನ ಸಿರಪ್ಪು, ನಿದ್ದೆ ಮಾತ್ರೆ, ಯಾವುದನ್ನೂ ಬಿಡಬೇಡಿ. ಸಿಗರೇಟು ಕೂಡ ಯಾಕೆ ಅಂದರೆ, ಅದರ ಹೊಗೆ ಓಲಾಂಜಪೈನ್, ಕ್ಲೋಜಪೈನ್‌ನಂಥ ಮನಸ್ಸಿನ ಕಾಯಿಲೆಯ ಮಾತ್ರೆಗಳನ್ನು ಮೈಯಿಂದ ಬೇಗ ಖಾಲಿ ಮಾಡಿಸುತ್ತದೆ. ಆಸ್ಪತ್ರೆಯಲ್ಲಿ ಸಿಗರೇಟು ಏಕಾಏಕಿ ನಿಂತರೆ ಅದೇ ಮಾತ್ರೆಯ ಪ್ರಮಾಣ ರಕ್ತದಲ್ಲಿ ಏರಬಹುದು.

ಹಾಳೆಯ ಹಿಂಬದಿ: ರಾತ್ರಿ ಎಷ್ಟು ಗಂಟೆ ನಿದ್ದೆ, ಹಿಂದೆ ಕಾಮಾಲೆ ಅಥವಾ ಫಿಟ್ಸ್ ಆಗಿತ್ತೇ, ಜೀವ ಕಳೆದುಕೊಳ್ಳಲು ಯತ್ನಿಸಿದ್ದರೇ, ಒಂದು ತಿಂಗಳಾದರೂ ಕುಡಿಯದೆ ಇದ್ದ ಕಾಲ ಯಾವುದು, ಆಗ ಮನಸ್ಸು ಹೇಗಿತ್ತು. ಈ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಓದಿದ ಮೇಲೆಯೇ ನಮ್ಮ ಡಾಕ್ಟರ್ ಪೆನ್ನು ಕೆಳಗಿಟ್ಟು, ನನ್ನ ಮುಖ ನೋಡಿ, ‘ಇದನ್ನ ಮೊದಲೇ ಹೇಳಿದ್ರೆ ಎಷ್ಟು ಚೆನ್ನಾಗಿತ್ತಮ್ಮ’ ಅಂದದ್ದು.

ಮಾತ್ರೆಯ ವಿಷಯದಲ್ಲಿ

ಗೋಡೆಗಳ ಮೇಲೆ, ಬಸ್ ನಿಲ್ದಾಣಗಳಲ್ಲಿ ‘ಅವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ’ ಎಂಬ ಚೀಟಿ ನೋಡಿರುತ್ತೀರಿ. ಸಾರಿನಲ್ಲಿ ಬೆರೆಸಿಕೊಡುವ ಪುಡಿ. ಬೇಡ. ಡೈಸಲ್ಫಿರಾಮ್ ಎಂಬ ಮಾತ್ರೆಯಿದೆ, ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಕುಸಿಯಬಹುದು. ತಿಳಿದು, ಒಪ್ಪಿ, ಡಾಕ್ಟರ ಕೆಳಗೆ ತೆಗೆದುಕೊಂಡವರಿಗೆ ಅದು ಕಾವಲು. ತಿಳಿಯದೆ ತಿಂದವರಿಗೆ ಪ್ರಾಣಾಪಾಯ. ಭ್ರಮೆ, ಸಂಶಯದ ಕಾಯಿಲೆ ಇರುವವರಲ್ಲಿ ಅದು ಕಾಯಿಲೆ ಕೆದಕಬಹುದು. ಜೊತೆಗೆ, ಅನ್ನದಲ್ಲಿ ಏನೋ ಹಾಕುತ್ತಾರೆ ಎಂದು ಮೊದಲೇ ಸಂಶಯಪಡುವ ಮನುಷ್ಯನಿಗೆ ನಿಜವಾಗಿಯೂ ಹಾಕಿದರೆ ಆ ನಂಬಿಕೆ ಮತ್ತೆ ಬರುವುದಿಲ್ಲ. ಕುಡಿಯುವ ತುಡಿತ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಬೇರೆ ಮಾತ್ರೆಗಳೂ ಇವೆ. ಲಿವರ್, ಕಿಡ್ನಿ ಪರೀಕ್ಷೆ ನೋಡಿ ಡಾಕ್ಟರ್ ಆರಿಸುತ್ತಾರೆ.

ಲಿಥಿಯಂ ತೆಗೆದುಕೊಳ್ಳುವವರ ಮನೆಯವರು ಇದನ್ನು ಎರಡು ಸಲ ಓದಿ. ವಾಂತಿ, ಭೇದಿ, ಜ್ವರ, ನೀರಿಲ್ಲದ ಉಪವಾಸ, ಬಿಸಿಲಿನಲ್ಲಿ ಇಡೀ ದಿನ ದುಡಿತ, ಇವೆಲ್ಲ ಮೈಯ ನೀರು ತಗ್ಗಿಸಿ ರಕ್ತದಲ್ಲಿ ಲಿಥಿಯಂ ಏರಿಸುತ್ತವೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳೂ ಏರಿಸುತ್ತವೆ. ಏರಿದಾಗ ಕೈ ಜೋರಾಗಿ ನಡುಗುತ್ತದೆ, ಮಾತು ತೊದಲುತ್ತದೆ, ನಡಿಗೆ ತೂರಾಡುತ್ತದೆ. ಥೇಟ್ ಕುಡಿದವರ ಹಾಗೆ. ಒಮ್ಮೆ ನಾನೇ ‘ಮತ್ತೆ ಕುಡಿದು ಬಂದಿದ್ದೀಯಾ’ ಎಂದು ಬಾಗಿಲಲ್ಲೇ ಬೈದೆ. ಅವನು ‘ಇಲ್ಲಕ್ಕಾ, ಆಣೆ’ ಅಂದ. ಬಾಯಿ ವಾಸನೆ ನೋಡಿದೆ, ಇರಲಿಲ್ಲ. ಎರಡು ದಿನದಿಂದ ಭೇದಿಯಾಗುತ್ತಿತ್ತಂತೆ. ಅವತ್ತೇ ಆಸ್ಪತ್ರೆಗೆ ಹೋದದ್ದರಿಂದ ಉಳಿದ. ರಕ್ತಪರೀಕ್ಷೆಯ ತಾರೀಖು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಕುಡಿದ ದಿನ ರಾತ್ರಿ ಮಾತ್ರೆ ಕೊಡುವುದೋ ಬೇಡವೋ? ಇದನ್ನು ಆ ರಾತ್ರಿ ನೀವೇ ತೀರ್ಮಾನಿಸಬೇಡಿ. ಮಂಪರು ತರಿಸುವ ಕೆಲವು ಮಾತ್ರೆ ಮದ್ಯದ ಜೊತೆ ಸೇರಿದರೆ ಉಸಿರಿಗೇ ತೊಂದರೆ, ಇನ್ನು ಕೆಲವನ್ನು ತಪ್ಪಿಸಿದರೇ ತೊಂದರೆ. ಮುಂಚೆಯೇ ಡಾಕ್ಟರನ್ನು ಕೇಳಿ, ಒಂದೊಂದು ಮಾತ್ರೆಯ ಎದುರೂ ಅವರ ಕೈಯಿಂದಲೇ ಬರೆಸಿಕೊಳ್ಳಿ.

ಮೊದಲ ಮೂರು ತಿಂಗಳು ಮನೆಯಲ್ಲಿ

ಊಟದ ಹೊತ್ತು, ಮಲಗುವ ಹೊತ್ತು ಗಟ್ಟಿ ಮಾಡಿ. ಬೇರೆಲ್ಲ ಆಮೇಲೆ. ಹಸಿವು, ಸಿಟ್ಟು, ಒಂಟಿತನ, ಆಯಾಸ, ಈ ನಾಲ್ಕರಲ್ಲಿ ಯಾವುದಾದರೂ ಬಂದಾಗಲೇ ತುಡಿತ ಜೋರು. ನಮ್ಮಲ್ಲಿ ಅದು ಸಂಜೆ ಆರೂವರೆಗೆ ಬರುತ್ತಿತ್ತು. ಆ ಹೊತ್ತಿಗೆ ಮೊದಲು ಬಿಸಿ ರಾಗಿ ಅಂಬಲಿಯೋ ಉಪ್ಪಿಟ್ಟೋ ಹೊಟ್ಟೆಗೆ ಬಿದ್ದರೆ ಅರ್ಧ ಇಳಿಯುತ್ತಿತ್ತು. ತುಡಿತ ಸಾಮಾನ್ಯವಾಗಿ ಹದಿನೈದು ನಿಮಿಷದಿಂದ ಅರ್ಧ ಗಂಟೆಯೊಳಗೆ ಏರಿ ಇಳಿಯುತ್ತದೆ. ಅಷ್ಟು ಹೊತ್ತು ಜೊತೆಗೆ ನಡೆಯಿರಿ, ಅಥವಾ ಕೈಗೆ ಕೆಲಸ ಕೊಡಿ. ಬುದ್ಧಿ ಹೇಳುವ ಹೊತ್ತಲ್ಲ ಅದು.

ಹೊಸತೊಡಕು, ಬೀಗರೂಟ, ಊರ ಜಾತ್ರೆ, ತಿಥಿ ಮುಗಿದ ಸಂಜೆ: ನಮ್ಮ ಸೀಮೆಯಲ್ಲಿ ಬಾಟಲಿ ತೆರೆಯುವ ದಿನಗಳು ಮೊದಲೇ ಗೊತ್ತಿರುತ್ತವೆ. ಮೊದಲ ವರ್ಷ ಹೋಗಲೇಬೇಡಿ, ನೆಂಟರು ಮುನಿಸಿಕೊಂಡರೂ ಸರಿ. ಹೋಗಲೇಬೇಕಾದರೆ ಊಟ ಮುಗಿಸಿ ಬೆಳಕಿರುವಾಗಲೇ ವಾಪಸ್. ‘ಒಂದೇ ಪೆಗ್ಗು, ಏನಾಗಲ್ಲ’ ಎನ್ನುವ ಭಾವನಿಗೆ ಹೇಳುವ ಮಾತು ಮನೆಯಲ್ಲೇ ಬಾಯಿಪಾಠ ಮಾಡಿಸಿ. ನನ್ನ ತಮ್ಮ ‘ಮಾತ್ರೆ ನಡೀತಿದೆ ಭಾವ, ಸೇರಲ್ಲ’ ಅನ್ನುತ್ತಿದ್ದ. ನಿಜವೂ ಹೌದು.

ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ಆಸರೆಯಾಗುವವರ ಕೂಟ) ಸಭೆಗಳು ಬಹಳ ಜನರನ್ನು ಹಿಡಿದು ನಿಲ್ಲಿಸಿವೆ, ಖರ್ಚಿಲ್ಲ. ಸಭೆಯಲ್ಲಿ ಯಾರಾದರೂ ಮನಸ್ಸಿನ ಮಾತ್ರೆಯನ್ನೂ ಬಿಡು ಎಂದರೆ ಕೇಳಬೇಡಿ. ಸದಸ್ಯರು ಡಾಕ್ಟರಾಗಬಾರದು ಎಂದು ಎ.ಎ. ಸಂಸ್ಥೆಯೇ ಹೇಳುತ್ತದೆ. ಮನೆಯವರಿಗಾಗಿ ಅಲ್-ಅನಾನ್ ಸಭೆಗಳಿವೆ. ನಾನು ತಡವಾಗಿ ಹೋದೆ. ಅಲ್ಲಿಯವರೆಗೆ ಅವನ ಜೇಬು ತಡಕುವುದೇ ನನ್ನ ಬದುಕಾಗಿತ್ತು.

ಜಾರಿದ ದಿನ

ಜಾರುತ್ತಾರೆ. ಹೆಚ್ಚಿನವರು ಒಮ್ಮೆಯಾದರೂ. ಅವತ್ತು ‘ಎಲ್ಲಾ ಹಾಳಾಯ್ತು’ ಎಂಬ ಮಾತು ನಿಮ್ಮ ಬಾಯಿಂದ ಬಂದರೆ ಒಂದು ಕ್ವಾರ್ಟರ್ ಒಂದು ತಿಂಗಳಾಗುತ್ತದೆ. ಕುಡಿದಿರುವಾಗ ಮಾತು ಬೇಡ. ಮರುದಿನ ಡಾಕ್ಟರಿಗೆ ತಿಳಿಸಿ, ಮುಂದಿನ ತಾರೀಖಿನವರೆಗೆ ಮುಚ್ಚಿಡಬೇಡಿ. ಕುಡಿಯುವ ಮುಂಚಿನ ವಾರ ಏನೇನು ಬದಲಾಗಿತ್ತೆಂದು ಅವರ ಜೊತೆ ಕೂತು ಬರೆಯಿರಿ. ನಮ್ಮಲ್ಲಿ ಪ್ರತಿ ಸಲವೂ ಮೊದಲು ನಿದ್ದೆ ಐದು ಗಂಟೆಗಿಂತ ಕೆಳಗಿಳಿದಿತ್ತು, ಹಳೆಯ ಗೆಳೆಯರಿಗೆ ರಾತ್ರಿ ಫೋನ್ ಶುರುವಾಗಿತ್ತು, ಆಮೇಲೆ ಬಾಟಲಿ. ಈಗ ನಿದ್ದೆ ಎರಡು ರಾತ್ರಿ ಕೆಟ್ಟರೆ ಮೂರನೇ ದಿನ ಆಸ್ಪತ್ರೆ. ಹೊಡೆತ ಶುರುವಾದರೆ ಮಾತ್ರ ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ, 112ಕ್ಕೆ ಫೋನ್ ಮಾಡಿ. ಕಾಯಿಲೆ ಇದೆ ಎಂದು ಏಟು ತಿನ್ನಬೇಕಾಗಿಲ್ಲ.

ಕುಡಿತ ಮತ್ತು ಖಿನ್ನತೆ ಕೂಡಿದಾಗ ಆತ್ಮಹತ್ಯೆಯ ಅಪಾಯ ಹೆಚ್ಚು. ನೇರವಾಗಿ ಕೇಳಿ: ‘ಸಾಯಬೇಕು ಅಂತ ಅನ್ನಿಸ್ತಿದೆಯಾ?’ ಕೇಳಿದರೆ ಆ ಯೋಚನೆ ಬರುತ್ತದೆಂದು ಹೆದರಬೇಡಿ, ಬರುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, 14416ಕ್ಕೆ ಫೋನ್ ಮಾಡಿ ಅಥವಾ ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಹೊಲಕ್ಕೆ ಹೊಡೆಯುವ ಔಷಧಿಯನ್ನು ಮನೆಯಲ್ಲಿ ಇಡಲೇಬೇಡಿ, ಮಾತ್ರೆಗಳನ್ನು ಒಂದು ವಾರದಷ್ಟು ಮಾತ್ರ ಹೊರಗಿಟ್ಟು ಉಳಿದದ್ದಕ್ಕೆ ಬೀಗ ಹಾಕಿ.

ಸರಿಯಿರುವ ದಿನಗಳಲ್ಲಿ ಮಾಡಿಡಬೇಕಾದದ್ದು

ಅದೇ 2017ರ ಕಾಯ್ದೆಯಲ್ಲಿ, ತನಗೆ ಕಾಯಿಲೆ ಜೋರಾದಾಗ ತನ್ನ ಪರವಾಗಿ ಮಾತಾಡುವವರು ಯಾರೆಂದು ಮುಂಚಿತವಾಗಿ ಹೆಸರಿಸಲು ಅವಕಾಶವಿದೆ. ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು. ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದೂ ಮುಂಗಡವಾಗಿ ಬರೆದಿಡಬಹುದು, ಅದಕ್ಕೆ ಬೇರೆ ಕ್ರಮವಿದೆ, ಆಸ್ಪತ್ರೆಯ ಸಮಾಜ ಕಾರ್ಯಕರ್ತರು ತಿಳಿಸುತ್ತಾರೆ. ಹುಷಾರಾಗಿರುವಾಗಲೇ ಇದನ್ನು ಅವರ ಕೈಯಿಂದ ಬರೆಸಿ, ಅವರ ಇಷ್ಟದಂತೆ.

ನನ್ನ ತಮ್ಮ ಆ ಹಾಳೆ ಬರೆದಾಗ ಕುಡಿಯದೆ ಹದಿನಾಲ್ಕು ತಿಂಗಳಾಗಿತ್ತು. ನಾನು ಪೆನ್ನು ಕೊಟ್ಟು ಎದುರಿಗೇ ಕೂತಿದ್ದೆ. ಅವನು ಬರೆದದ್ದು ನನ್ನ ಹೆಸರಲ್ಲ, ಎ.ಎ. ಸಭೆಯಲ್ಲಿ ಪರಿಚಯವಾದ ಗೆಳೆಯನದು. ‘ನೀನು ಸಾಕಷ್ಟು ಓಡಾಡಿದೀಯ ಅಕ್ಕ’ ಅಂದ. ಒಂದು ವಾರ ನನಗೆ ಊಟ ಸೇರಲಿಲ್ಲ. ಆಮೇಲೆ ಮಾತ್ರೆಯ ಪಟ್ಟಿ, ರಕ್ತಪರೀಕ್ಷೆಯ ತಾರೀಖು, ಡಾಕ್ಟರ್ ಬರೆದುಕೊಟ್ಟ ಹಾಳೆ ಎಲ್ಲದರ ಜೆರಾಕ್ಸ್ ಮಾಡಿಸಿ ಆ ಗೆಳೆಯನ ಅಂಗಡಿಗೆ ಹೋಗಿ ಕೊಟ್ಟು, ನಿದ್ದೆ ಎರಡು ರಾತ್ರಿ ಕೆಟ್ಟರೆ ಏನು ಮಾಡಬೇಕೆಂದು ವಿವರವಾಗಿ ಹೇಳಿ ಬಂದೆ.